ನಂದಿ ಬೆಟ್ಟ ಹತ್ತಿದರೂ ಹೊಟ್ಟೆ ಇಳಿಯದೇಕೆ?

ಪ್ರಶ್ನೆ: ನನಗೆ 63. ಭಾನುವಾರ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುತ್ತೇನೆ. ಬರುವಾಗ ದೋಸೆ, ವಡೆ, ಕೇಸರಿಬಾತ್ ಆಗಲೇಬೇಕು. ತೂಕ ಇಳಿದಿಲ್ಲ. ದೋಸೆ ಬಿಡಲೇ?

ಉತ್ತರ: ದೋಸೆ ಇರಲಿ ಸ್ವಾಮಿ, ಅದರ ಸಂಗಡಿಗರನ್ನು ಬಿಡಿ. ಒಂದು ಗಂಟೆ ಹದವಾಗಿ ತುಳಿದರೆ ಸುಮಾರು 400ರಿಂದ 500 ಕ್ಯಾಲೊರಿ ಕರಗುತ್ತದೆ. ತುಪ್ಪ ಜಿನುಗುವ ಕೇಸರಿಬಾತ್, ಎರಡು ವಡೆ ಹತ್ತೇ ನಿಮಿಷದಲ್ಲಿ ಅದನ್ನು ವಾಪಸ್ ತುಂಬಿಬಿಡುತ್ತವೆ. ವಿಪರೀತ ಹಸಿದು ಹೋಟೆಲಿಗೆ ನುಗ್ಗಬೇಡಿ: ಹೊರಡುವಾಗ ಒಂದು ಬಾಳೆಹಣ್ಣು, ದಾರಿಯಲ್ಲೊಂದು. ತೂಕಕ್ಕಿಂತ ಯೋಚಿಸಬೇಕಾದ್ದು ಬೇರೆ. ವಯಸ್ಸಾದಂತೆ ಸ್ನಾಯು ಸವೆಯುತ್ತದೆ, ಸೈಕಲ್ಲಿನಿಂದ ಮೂಳೆಗೆ ಅಷ್ಟೇನೂ ಕಸರತ್ತಿಲ್ಲ. ವಾರಕ್ಕೆರಡು ಸಲ ಡಂಬಲ್ ಎತ್ತಿ. ಹೆಸರುಕಾಳು ಉಸಲಿ, ಮೊಸರು, ತಿನ್ನುವವರಾದರೆ ಮೊಟ್ಟೆ ನಿತ್ಯ ಇರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಮಾತ್ರ, ಬೆಟ್ಟದ ದಿನ ಯಾವಾಗ ಏನು ತಿನ್ನಬೇಕೆಂದು ವೈದ್ಯರನ್ನೇ ಕೇಳಿ.