ರವೆ ಉಂಡೆಗೆ ಬಂದ ನೆಂಟರು

ಮೇ ತಿಂಗಳಲ್ಲಿ ಊರಿಂದ ಬಂದ ಅಮ್ಮ ರವೆ ಉಂಡೆ ತಂದಿದ್ದರು. ಎರಡೇ ದಿನಕ್ಕೆ ಡಬ್ಬದ ಸುತ್ತ ಇರುವೆ ಸಾಲು! "ಡೆಲ್ಫ್ಟ್‌ನಲ್ಲೂ ಇರುವೆ ಇದ್ಯೇನೋ?" ಅಂದರು. ನಾನು ಸ್ಪ್ರೇ ಹೊಡೆದೆ. ಮರುದಿನ ಇನ್ನೊಂದು ಮೂಲೆಯಿಂದ ಹೊಸ ಸಾಲು. ಬಗ್ ಹುಡುಕದೆ ಎರರ್ ಮೆಸೇಜ್ ಅಳಿಸಿದರೆ ಇನ್ನೇನಾಗುತ್ತೆ ಹೇಳಿ!

ಅಮ್ಮ ಸಾಲಿನ ಜಾಡು ಹಿಡಿದು ಹಿತ್ತಲಿಗೆ ಹೋದರು. ನೆಲಹಾಸಿನ ಇಟ್ಟಿಗೆ ಸಂದಿಯಲ್ಲಿ ಮರಳಿನ ಪುಟ್ಟ ಗುಡ್ಡೆ: ಡಚ್ಚರು ‘ವೆಖ್‌ಮೀರ್’ ಎನ್ನುವ ಕಪ್ಪಿರುವೆಯ ಗೂಡು. ಇಟ್ಟಿಗೆ ಎತ್ತಿದರೆ ಬಿಳಿ ಕಾಳುಗಳು. "ಮೊಟ್ಟೆ" ಅಂದರು ಅಮ್ಮ. ಮೊಟ್ಟೆಯಲ್ಲ, ಪ್ಯೂಪಾ, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಸಿದವನು ಇದೇ ಊರಿನ ಲೀವೆನ್‌ಹುಕ್ (1632–1723).

ಸ್ಪ್ರೇ ಬಿಟ್ಟು ‘ಲೋಕ್‌ಡೋಸ್’ ತಂದೆ. ಅದರೊಳಗಿನ ವಿಷದ ಸಿಹಿಯನ್ನು ಇರುವೆಗಳೇ ಒಯ್ದು ರಾಣಿಗೆ ಉಣಿಸುತ್ತವೆ. ಮಗಳಿನ್ನೂ ಅಂಬೆಗಾಲಿಡುತ್ತಾಳೆ, ಹಾಗಾಗಿ ಅದನ್ನು ಹೊರಗೆ, ಅವಳ ಕೈಗೆಟುಕದ ಕಡೆ ಇಟ್ಟೆವು. ಮೊದಲೆರಡು ದಿನ ಸಾಲು ಇನ್ನೂ ದಪ್ಪವಾಯಿತು. ಕೈಕಟ್ಟಿ ಕೂತಿದ್ದೇ ಕಷ್ಟ! ಹತ್ತನೇ ದಿನಕ್ಕೆ ಖಾಲಿ.

ಚಳಿಗಾಲದಲ್ಲೂ ಮನೆಯೊಳಗೆ ಎರಡು ಮಿಲಿಮೀಟರಿನ ಹಳದಿ ಇರುವೆ ಓಡಾಡಿದರೆ ಅದು ಫೇರೋ ಇರುವೆ ಇರಬಹುದು. ಸ್ಪ್ರೇ ಬೇಡವೇ ಬೇಡ, ಗೂಡು ಒಡೆದು ನಾಲ್ಕಾಗುತ್ತದೆ. ಮನೆ ಮಾಲೀಕರಿಗೆ ಹೇಳಿ ಪರಿಣತರನ್ನು ಕರೆಸಿ.

ಉಳಿದ ಉಂಡೆ? ನೀರು ತುಂಬಿದ ತಟ್ಟೆಯ ನಡುವೆ ಡಬ್ಬ ಇಟ್ಟಿದ್ದಾರೆ ಅಮ್ಮ.