ಮಾರ್ಕಸ್ ವಿಲ್ಲಿಸ್

ಮಾರ್ಕಸ್ ವಿಲ್ಲಿಸ್ (ಜನನ: 9 ಅಕ್ಟೋಬರ್ 1990) ಬ್ರಿಟನ್ನಿನ ವೃತ್ತಿಪರ ಟೆನಿಸ್ ಆಟಗಾರ. 2016ರ ವಿಂಬಲ್ಡನ್ ಪಂದ್ಯಾವಳಿ ಆರಂಭವಾದಾಗ ವಿಶ್ವ ಪುರುಷರ ಸಿಂಗಲ್ಸ್ ಶ್ರೇಯಾಂಕಪಟ್ಟಿಯಲ್ಲಿ ಇವರು 772ನೆಯ ಸ್ಥಾನದಲ್ಲಿದ್ದರು. ಅಲ್ಲಿಂದ ಸತತವಾಗಿ ಏಳು ಪಂದ್ಯಗಳನ್ನು ಗೆದ್ದು, ಸೆಂಟರ್ ಕೋರ್ಟ್‌ನಲ್ಲಿ ರೋಜರ್ ಫೆಡರರ್ ಅವರನ್ನು ಎದುರಿಸಿದ್ದರಿಂದ ಇವರ ಹೆಸರು ಪ್ರಸಿದ್ಧವಾಯಿತು. ಸಿಂಗಲ್ಸ್‌ನಲ್ಲಿ ಇವರು ತಲುಪಿದ ಅತ್ಯುನ್ನತ ಸ್ಥಾನ 322; ಅದು 2014ರಲ್ಲಿ, ಅಂದರೆ ಪ್ರಸಿದ್ಧಿಗೆ ಎರಡು ವರ್ಷ ಮುಂಚೆಯೇ ದೊರೆತದ್ದು. ಆ ಮಟ್ಟವನ್ನು ಅವರು ಮತ್ತೆ ದಾಟಲಿಲ್ಲ.

ಆರಂಭಿಕ ವರ್ಷಗಳು

ವಿಲ್ಲಿಸ್ ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತ್ಯದ ಸ್ಲೌ ಪಟ್ಟಣದಲ್ಲಿ ಜನಿಸಿದರು. ಕಿರಿಯರ ವಿಭಾಗದಲ್ಲಿ ವಿಶ್ವದ ಮೊದಲ ಇಪ್ಪತ್ತು ಆಟಗಾರರಲ್ಲಿ ಒಬ್ಬರಾಗಿದ್ದ ಇವರ ಬಗ್ಗೆ ಬ್ರಿಟನ್ನಿನಲ್ಲಿ ಭರವಸೆಯಿತ್ತು. ಎಡಗೈ ಆಟಗಾರರಾದ ಇವರ ಆಟದಲ್ಲಿ ಬಲಕ್ಕಿಂತ ಕೈಚಳಕವೇ ಹೆಚ್ಚು. ಚೆಂಡನ್ನು ಕತ್ತರಿಸಿದಂತೆ ಹೊಡೆದು ತಗ್ಗಿನಲ್ಲಿ ಜಾರಿಸುವ ಸ್ಲೈಸ್, ಬಲೆಯ ಬಳಿಯೇ ಬೀಳಿಸುವ ಡ್ರಾಪ್ ಶಾಟ್, ಸರ್ವ್ ಮಾಡಿದ ಕೂಡಲೇ ಬಲೆಯತ್ತ ಮುನ್ನುಗ್ಗುವ ಹಳೆಯ ಪದ್ಧತಿ ಇವು ಇವರ ಆಟದ ಗುರುತುಗಳು. ಹುಲ್ಲಿನ ಅಂಕಣಕ್ಕೆ ಹೇಳಿ ಮಾಡಿಸಿದಂಥ ಈ ಶೈಲಿಗೆ ವರ್ಷದ ಬಹುಭಾಗ ಆಡಬೇಕಾದ ಗಟ್ಟಿ ನೆಲದ ಮತ್ತು ಮಣ್ಣಿನ ಅಂಕಣಗಳಲ್ಲಿ ಅಷ್ಟು ಫಲ ಸಿಗುವುದಿಲ್ಲ. ದೇಹದಾರ್ಢ್ಯದ ಕಡೆಗೆ ಇವರು ಸಾಕಷ್ಟು ಗಮನ ಕೊಡಲಿಲ್ಲವೆಂಬ ಮಾತೂ ಇತ್ತು. ಸ್ಥೂಲಕಾಯದ ಕಾರಣದಿಂದ ಅಮೆರಿಕದ ಪ್ರೇಕ್ಷಕರು ವ್ಯಂಗ್ಯಚಿತ್ರ ಸರಣಿಯೊಂದರ ದಪ್ಪ ಹುಡುಗ ಕಾರ್ಟ್‌ಮನ್‌ನ ಹೆಸರಿನಿಂದ ಇವರನ್ನು ಕೂಗಿ ಛೇಡಿಸಿದ್ದುಂಟು.

ಕೆಳಸ್ತರದ ಟೆನಿಸ್

ವಿಲ್ಲಿಸ್ ಅವರ ವೃತ್ತಿಜೀವನವನ್ನು ಅರಿಯಲು ಟೆನಿಸ್‌ನ ಮೆಟ್ಟಿಲುಗಳನ್ನು ತಿಳಿದಿರಬೇಕು. ಪುರುಷರ ಶ್ರೇಯಾಂಕಪಟ್ಟಿ 1973ರಿಂದ ಜಾರಿಯಲ್ಲಿದೆ. ಆಟಗಾರನು ಹಿಂದಿನ 52 ವಾರಗಳಲ್ಲಿ ಗಳಿಸಿದ ಅಂಕಗಳೇ ಅದಕ್ಕೆ ಆಧಾರ. ಮೇಲಿನ ಮೆಟ್ಟಿಲಲ್ಲಿ ಎಟಿಪಿ ಪಂದ್ಯಾವಳಿಗಳು, ಅದರ ಕೆಳಗೆ ಚಾಲೆಂಜರ್, ಎಲ್ಲಕ್ಕಿಂತ ಕೆಳಗೆ ಆ ಕಾಲದಲ್ಲಿ ಫ್ಯೂಚರ್ಸ್ ಎಂದು ಕರೆಯಲಾಗುತ್ತಿದ್ದ ಪಂದ್ಯಾವಳಿಗಳು. 2016ರಲ್ಲಿ ಅತಿ ಚಿಕ್ಕ ಫ್ಯೂಚರ್ಸ್ ಪಂದ್ಯಾವಳಿಯ ಒಟ್ಟು ಬಹುಮಾನ 10,000 ಡಾಲರ್. ಈ ಮೊತ್ತ ವಿಜೇತನೊಬ್ಬನದಲ್ಲ. ಸಿಂಗಲ್ಸ್, ಡಬಲ್ಸ್ ಎರಡರ ಆಟಗಾರರೆಲ್ಲರೂ ಹಂಚಿಕೊಳ್ಳಬೇಕಾದದ್ದು. ಮೊದಲ ಸುತ್ತಿನಲ್ಲೇ ಸೋತವನಿಗೆ ಬರುವ ಹಣದಲ್ಲಿ ಊರಿಗೆ ಹಿಂದಿರುಗುವ ಟಿಕೆಟ್ ಕೊಳ್ಳುವುದೂ ಕಷ್ಟ. ವಿಮಾನ, ವಸತಿ, ರಾಕೆಟ್ಟಿನ ತಂತಿ, ತರಬೇತುದಾರನ ಸಂಬಳ ಎಲ್ಲವೂ ಆಟಗಾರನ ಜೇಬಿನಿಂದಲೇ. ಆದ್ದರಿಂದ ಈ ಮಟ್ಟದಲ್ಲಿ ತರಬೇತುದಾರನನ್ನು ಜೊತೆಗೆ ಕರೆದೊಯ್ಯುವವರು ವಿರಳ.

ವಿಲ್ಲಿಸ್ ಈ ಮೆಟ್ಟಿಲಿನಲ್ಲಿ ವರ್ಷಗಳ ಕಾಲ ಆಡಿದರು, ಹಲವು ಪ್ರಶಸ್ತಿಗಳನ್ನೂ ಗೆದ್ದರು. ಆದರೆ ಅಲ್ಲಿಯ ಪ್ರಶಸ್ತಿಗೆ ಸಿಗುವ ಅಂಕಗಳು ಅಲ್ಪ. 10,000 ಡಾಲರಿನ ಪಂದ್ಯಾವಳಿಯಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದವನಿಗೆ ಆಗ ಬರುತ್ತಿದ್ದುದು ಕೇವಲ 18 ಅಂಕ. ಗಾಯವಾಗಿ ಕೆಲವು ತಿಂಗಳು ಮನೆಯಲ್ಲಿ ಕುಳಿತರೆ, ಗಳಿಸಿದ ಅಂಕಗಳು ಒಂದೊಂದಾಗಿ ಅವಧಿ ಮೀರಿ ಕಳಚಿಹೋಗುತ್ತವೆ. 322ರಿಂದ 772ಕ್ಕೆ ಅವರ ಸ್ಥಾನ ಕುಸಿದದ್ದು ಎರಡೇ ವರ್ಷಗಳಲ್ಲಿ.

2016ರ ಆರಂಭದಲ್ಲಿ ಅವರು ತಂದೆತಾಯಿಯರ ಮನೆಯಲ್ಲಿಯೇ ವಾಸವಾಗಿದ್ದರು. ಜನವರಿಯಲ್ಲಿ ಟ್ಯುನೀಸಿಯಾದ ಫ್ಯೂಚರ್ಸ್ ಪಂದ್ಯಾವಳಿಯೊಂದರಲ್ಲಿ ಆಡಿದ್ದನ್ನು ಬಿಟ್ಟರೆ ಸ್ಪರ್ಧೆಗಳಿಂದ ದೂರವಿದ್ದರು. ವಿಂಬಲ್ಡನ್‌ಗೆ ಮುಂಚೆ ಆ ವರ್ಷ ಬಹುಮಾನದಿಂದ ಅವರಿಗೆ ಬಂದ ಹಣ 300 ಪೌಂಡಿಗಿಂತ ಕಡಿಮೆ. ಜೀವನೋಪಾಯಕ್ಕೆ ವಾರಿಕ್ ಬೋಟ್ ಕ್ಲಬ್ಬಿನಲ್ಲಿ ಗಂಟೆಗೆ 30 ಪೌಂಡ್ ದರದಲ್ಲಿ ಮಕ್ಕಳಿಗೂ ಹಿರಿಯರಿಗೂ ಟೆನಿಸ್ ಹೇಳಿಕೊಡುತ್ತಿದ್ದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ತರಬೇತುದಾರನ ಕೆಲಸಕ್ಕೆ ಹೋಗಿಬಿಡುವ ಯೋಚನೆಯೂ ಬಹುಮಟ್ಟಿಗೆ ಗಟ್ಟಿಯಾಗಿತ್ತು. ಆಗಷ್ಟೇ ಪರಿಚಯವಾಗಿದ್ದ ಗೆಳತಿ, ಹೋಗಬೇಡ, ಆಟವನ್ನು ಇನ್ನೊಮ್ಮೆ ಪ್ರಯತ್ನಿಸು ಎಂದು ಒತ್ತಾಯಿಸಿದ್ದರಿಂದ ಅವರು ಉಳಿದುಕೊಂಡರು. ಆಗ ಅವರಿಗೆ 25 ವರ್ಷ.

2016ರ ವಿಂಬಲ್ಡನ್

ಗ್ರ್ಯಾಂಡ್ ಸ್ಲ್ಯಾಮ್ ಪಂದ್ಯಾವಳಿಯ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 128 ಆಟಗಾರರಿರುತ್ತಾರೆ. ಅವರಲ್ಲಿ ಬಹುತೇಕರು ಶ್ರೇಯಾಂಕದ ಬಲದಿಂದ ನೇರವಾಗಿ ಪ್ರವೇಶ ಪಡೆಯುತ್ತಾರೆ. ಎಂಟು ಸ್ಥಾನಗಳು ವೈಲ್ಡ್ ಕಾರ್ಡ್ ಎಂಬ ವಿಶೇಷ ಆಹ್ವಾನಕ್ಕೆ, 16 ಸ್ಥಾನಗಳು ಅರ್ಹತಾ ಸುತ್ತಿನಲ್ಲಿ ಗೆದ್ದವರಿಗೆ ಮೀಸಲು. 772ನೆಯ ಸ್ಥಾನದ ಆಟಗಾರನಿಗೆ ಆ ಅರ್ಹತಾ ಸುತ್ತಿಗೂ ಪ್ರವೇಶವಿಲ್ಲ. ಆದರೆ ಬ್ರಿಟಿಷ್ ಆಟಗಾರರಿಗಾಗಿ ಪೂರ್ವ-ಅರ್ಹತಾ ಸ್ಪರ್ಧೆಯೊಂದು ನಡೆಯುತ್ತಿತ್ತು. ಅದಕ್ಕೂ ವಿಲ್ಲಿಸ್ ಅವರಿಗೆ ಅವಕಾಶ ದೊರೆತದ್ದು ಬೇರೊಬ್ಬ ಆಟಗಾರ ಹಿಂದೆ ಸರಿದು ಕೊನೆಯ ಸ್ಥಾನ ತೆರವಾದಾಗ.

ಅಲ್ಲಿ ಮೂರು ಪಂದ್ಯ ಗೆದ್ದು ಅರ್ಹತಾ ಸುತ್ತಿಗೆ ಬಂದರು. ರೋಹ್ಯಾಂಪ್ಟನ್ನಿನಲ್ಲಿ ನಡೆದ ಆ ಸುತ್ತಿನಲ್ಲಿ ಜಪಾನಿನ ಯೂಇಚಿ ಸುಗಿತಾ, ರಷ್ಯಾದ ಆಂದ್ರೆ ರುಬ್ಲೆವ್ ಮತ್ತು ಡೇನಿಯಲ್ ಮೆಡ್ವೆಡೆವ್ ಅವರನ್ನು ಕ್ರಮವಾಗಿ ಸೋಲಿಸಿದರು. ರುಬ್ಲೆವ್ ಮತ್ತು ಮೆಡ್ವೆಡೆವ್ ಆಗ ಹದಿಹರೆಯ ದಾಟದ, ಅಥವಾ ಆಗಷ್ಟೇ ದಾಟಿದ ಯುವಕರು. ಮುಂದೆ ರುಬ್ಲೆವ್ ವಿಶ್ವದ ಮೊದಲ ಐವರಲ್ಲಿ ಒಬ್ಬರಾದರು. ಮೆಡ್ವೆಡೆವ್ 2021ರಲ್ಲಿ ಅಮೆರಿಕನ್ ಓಪನ್ ಗೆದ್ದು 2022ರಲ್ಲಿ ಅಗ್ರಸ್ಥಾನಕ್ಕೇರಿದರು. ಆ ವಾರದ ಗೆಲುವುಗಳ ತೂಕ ಜನರಿಗೆ ತಿಳಿದದ್ದು ಹೀಗೆ ತಡವಾಗಿ.

ಜೂನ್ 27ರಂದು ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲಿ 54ನೆಯ ಸ್ಥಾನದ ಲಿಥುವೇನಿಯಾದ ರಿಚಾರ್ಡಾಸ್ ಬೆರಾಂಕಿಸ್ ಅವರನ್ನು 6-3, 6-3, 6-4ರಿಂದ ಮಣಿಸಿದರು. ಅಂಕಪಟ್ಟಿ ತೋರುವಷ್ಟು ಸುಲಭದ ಗೆಲುವು ಅದಾಗಿರಲಿಲ್ಲ. ವಿಲ್ಲಿಸ್ ಅವರ ಸರ್ವ್ ಮುರಿಯಲು ಬೆರಾಂಕಿಸ್ ಅವರಿಗೆ 20 ಅವಕಾಶಗಳು ದೊರೆತವು. ಅವುಗಳಲ್ಲಿ ಒಂದನ್ನು ಮಾತ್ರ ಅವರು ಬಳಸಿಕೊಂಡರು. 1988ರ ಅಮೆರಿಕನ್ ಓಪನ್‌ನಲ್ಲಿ ಜಾರೆಡ್ ಪಾಮರ್ ಆಡಿದ ನಂತರ, ಅರ್ಹತಾ ಸುತ್ತಿನಿಂದ ಬಂದು ಗ್ರ್ಯಾಂಡ್ ಸ್ಲ್ಯಾಮ್‌ನ ಎರಡನೆಯ ಸುತ್ತು ತಲುಪಿದ ಅತಿ ಕೆಳಗಿನ ಶ್ರೇಯಾಂಕದ ಆಟಗಾರ ವಿಲ್ಲಿಸ್.

ಜೂನ್ 29ರ ಎರಡನೆಯ ಸುತ್ತಿನಲ್ಲಿ ಎದುರಾಳಿ ರೋಜರ್ ಫೆಡರರ್. ಅಷ್ಟರಲ್ಲಿ ಅವರು 17 ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿಗಳನ್ನು, ಅವುಗಳಲ್ಲಿ ಏಳನ್ನು ವಿಂಬಲ್ಡನ್‌ನಲ್ಲಿಯೇ, ಗೆದ್ದಿದ್ದರು. ಮಳೆಯ ಕಾರಣ ಸೆಂಟರ್ ಕೋರ್ಟಿನ ಛಾವಣಿ ಮುಚ್ಚಿತ್ತು. ಮೊದಲ ಸೆಟ್‌ನಲ್ಲಿ ವಿಲ್ಲಿಸ್ ಒಂದು ಗೇಮ್ ಕೂಡ ಗೆಲ್ಲಲಿಲ್ಲ. ಎರಡನೆಯ ಸೆಟ್‌ನಲ್ಲಿ ಮೊದಲ ಗೇಮ್ ಗೆದ್ದಾಗ ಪ್ರೇಕ್ಷಕರು ಪಂದ್ಯವನ್ನೇ ಗೆದ್ದಂತೆ ಸಂಭ್ರಮಿಸಿದರು. ಫೆಡರರ್ ಅವರ ತಲೆಯ ಮೇಲಿಂದ ಚೆಂಡನ್ನು ಎತ್ತಿ ಹಾಕಿ ಗಳಿಸಿದ ಅಂಕವೊಂದು ಆ ದಿನದ ಸುದ್ದಿಚಿತ್ರಗಳಲ್ಲೆಲ್ಲ ಕಾಣಿಸಿಕೊಂಡಿತು. ಪಂದ್ಯ 6-0, 6-3, 6-4ರಿಂದ ಫೆಡರರ್ ಪಾಲಾಯಿತು. ಕೊನೆಯ ಎರಡು ಸೆಟ್‌ಗಳ ಅಂಕಗಳನ್ನು ಗಮನಿಸಿದರೆ ಇದು ಕೇವಲ ಕನಿಕರದಿಂದ ನೆನೆಯಬೇಕಾದ ಸೋಲಲ್ಲ.

ನಂತರದ ವರ್ಷಗಳು

ಎರಡನೆಯ ಸುತ್ತಿನಲ್ಲಿ ಸೋತವರಿಗೆ ಆ ವರ್ಷ ವಿಂಬಲ್ಡನ್ ಕೊಟ್ಟ ಮೊತ್ತ 50,000 ಪೌಂಡ್. ಹಣದ ಚಿಂತೆ ಕೆಲಕಾಲ ಕಳೆಯಿತು. ಶ್ರೇಯಾಂಕದ ಲೆಕ್ಕ ಮಾತ್ರ ಬೇರೆ. ಅರ್ಹತಾ ಸುತ್ತು ದಾಟಿದ್ದಕ್ಕೆ 25, ಎರಡನೆಯ ಸುತ್ತಿಗೆ 45, ಒಟ್ಟು 70 ಅಂಕ. ಇವರ ಸ್ಥಾನ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಮೇಲೇರಿತಾದರೂ ಎಟಿಪಿ ಪಂದ್ಯಾವಳಿಗಳಿಗೆ ನೇರ ಪ್ರವೇಶ ಕೊಡಿಸಲು ಅದು ಎಲ್ಲಿಯೂ ಸಾಲದು. ಇಡೀ ದೇಶ ನೋಡಿದ ಆ ಓಟದ ಬೆಲೆ ಪಟ್ಟಿಯಲ್ಲಿ ನಾಲ್ಕು ಚಿಕ್ಕ ಫ್ಯೂಚರ್ಸ್ ಪ್ರಶಸ್ತಿಗಳಿಗಿಂತ ಹೆಚ್ಚಲ್ಲ. ಅದೂ ಒಂದು ವರ್ಷದ ಮಟ್ಟಿಗೆ. ವಿಲ್ಲಿಸ್ ಮತ್ತೆ ಚಿಕ್ಕ ಪಂದ್ಯಾವಳಿಗಳಿಗೇ ಮರಳಬೇಕಾಯಿತು. 2017ರಲ್ಲಿ ವಿಂಬಲ್ಡನ್ ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಸೋತರು. ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ ಮತ್ತೆ ಆಡುವ ಅವಕಾಶ ಅವರಿಗೆ ಬರಲಿಲ್ಲ.

ಆದರೆ ಅದೇ ವರ್ಷ ಡಬಲ್ಸ್‌ನಲ್ಲಿ ವೈಲ್ಡ್ ಕಾರ್ಡ್ ದೊರೆಯಿತು. ಜೊತೆಗಾರ ಸ್ವದೇಶದ ಯುವಕ ಜೇ ಕ್ಲಾರ್ಕ್. ಮೊದಲ ಸುತ್ತಿನಲ್ಲಿ ಈ ಜೋಡಿ ಅಮೆರಿಕದ ಜಾರೆಡ್ ಡೊನಾಲ್ಡ್‌ಸನ್ ಮತ್ತು ಭಾರತದ ಜೀವನ್ ನೆಡುಂಚೆಳಿಯನ್ ಅವರನ್ನು ಸೋಲಿಸಿತು. ಎರಡನೆಯ ಸುತ್ತಿನಲ್ಲಿ ಹಿಂದಿನ ವರ್ಷದ ವಿಜೇತರಾದ ಫ್ರಾನ್ಸಿನ ಪಿಯೆರ್-ಹ್ಯೂಗ್ ಎರ್ಬೇರ್ ಮತ್ತು ನಿಕೋಲಾ ಮಹೂ ಅವರ ವಿರುದ್ಧ ಐದು ಸೆಟ್‌ಗಳ ಹೋರಾಟದಲ್ಲಿ ಗೆದ್ದಿತು. ಫೆಡರರ್ ಪಂದ್ಯದಷ್ಟು ಪ್ರಚಾರ ಇದಕ್ಕೆ ಸಿಗಲಿಲ್ಲ. ಆಟದ ದೃಷ್ಟಿಯಿಂದ ಇದೇ ದೊಡ್ಡ ಸಾಧನೆ ಎನ್ನಬಹುದು.

2021ರಲ್ಲಿ ವಿಲ್ಲಿಸ್ ನಿವೃತ್ತಿ ಘೋಷಿಸಿ ತರಬೇತಿಯ ಕೆಲಸಕ್ಕೆ ತೊಡಗಿದರು. ಮರುವರ್ಷ ಡಬಲ್ಸ್ ಆಟಗಾರನಾಗಿ ಹಿಂದಿರುಗಿದರು. ಸಿಂಗಲ್ಸ್‌ಗೂ ಡಬಲ್ಸ್‌ಗೂ ಶ್ರೇಯಾಂಕಪಟ್ಟಿಗಳು ಪ್ರತ್ಯೇಕ. ಅಂಕಣದ ಅರ್ಧಭಾಗವನ್ನಷ್ಟೇ ಕಾಯಬೇಕಾದ ಡಬಲ್ಸ್‌ನಲ್ಲಿ ಓಟದ ವೇಗಕ್ಕಿಂತ ಸರ್ವ್, ಬಲೆಯ ಬಳಿಯ ಆಟ ಮತ್ತು ಕೈಚಳಕಕ್ಕೆ ಬೆಲೆ ಹೆಚ್ಚು. ಮತ್ತೆ ಕೆಳಗಿನ ಮೆಟ್ಟಿಲಿನಿಂದಲೇ ಆರಂಭಿಸಿದ ಅವರು ಚಾಲೆಂಜರ್ ಪ್ರಶಸ್ತಿಗಳನ್ನು ಗೆಲ್ಲುತ್ತ ಮೂವತ್ತು ದಾಟಿದ ವಯಸ್ಸಿನಲ್ಲಿ ಡಬಲ್ಸ್ ಪಟ್ಟಿಯ ಮೊದಲ ನೂರರೊಳಗೆ ಪ್ರವೇಶಿಸಿದರು.