ಅಂತರ್ಜಾಲದ ವೇಗವೂ ಅಳತೆಯ ಪುಸ್ತಕವೂ

ಕೊಡಗಿನ ತೋಟದ ಮನೆಗಳಲ್ಲಿ ಬೆಳಗಾದೊಡನೆ ಮಳೆಮಾಪಕವನ್ನು ನೋಡಿ, ಬಿದ್ದ ಮಳೆಯನ್ನು ಇಂಚು ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆದಿಡುವ ಪದ್ಧತಿಯು ತಲೆಮಾರುಗಳಿಂದ ನಡೆದು ಬಂದಿದೆ. ಈ ವರ್ಷದ ಮಳೆ ಹೆಚ್ಚೋ ಕಡಿಮೆಯೋ ಎಂಬ ವಾದ ಹುಟ್ಟಿದರೆ ಯಾರೂ ಆಕಾಶವನ್ನು ನೋಡುವುದಿಲ್ಲ, ಪುಸ್ತಕವನ್ನು ತೆರೆಯುತ್ತಾರೆ. ಮಳೆಯ ಒಂದೊಂದು ಸೆಂಟಿಗೂ ಹೀಗೆ ಲೆಕ್ಕವಿಡುವ ನಾವು, ತಿಂಗಳು ತಿಂಗಳೂ ಹಣ ತೆತ್ತು ಪಡೆಯುವ ಅಂತರ್ಜಾಲದ ವಿಷಯದಲ್ಲಿ ಮಾತ್ರ "ಇಂದು ಬಹಳ ನಿಧಾನ" ಎಂದು ಗೊಣಗಿ ಸುಮ್ಮನಾಗುತ್ತೇವೆ. ಎಷ್ಟು ನಿಧಾನ, ಯಾವ ಹೊತ್ತಿನಲ್ಲಿ ನಿಧಾನ, ದೋಷವು ಯಾರದು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅಳತೆಯಿಲ್ಲದ ದೂರಿಗೆ ಬೆಲೆಯಿಲ್ಲವೆಂಬುದನ್ನು ವಾಚಕ ಮಹಾಶಯರ ಗಮನಕ್ಕೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಇದು ಕೇವಲ ವಿನೋದಕ್ಕೆ ಸಂಬಂಧಿಸಿದ ಮಾತೆಂದು ಯಾರೂ ತಿಳಿಯಬಾರದು. 2020-21ರ ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ಮಕ್ಕಳು ಪಾಠ ಕೇಳುವುದಕ್ಕಾಗಿ ಗುಡ್ಡದ ತುದಿಗಳನ್ನು ಹುಡುಕಿಕೊಂಡು ಹೋದುದನ್ನೂ, ಸೋಮವಾರಪೇಟೆ ತಾಲ್ಲೂಕಿನ ಸರಕಾರಿ ಶಾಲೆಯ ಉಪಾಧ್ಯಾಯರೊಬ್ಬರು ಪಾಠ ಹೇಳುವುದಕ್ಕಾಗಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡುದನ್ನೂ ಜಿಲ್ಲೆಯು ಮರೆತಿಲ್ಲ. ಇಂದು ಬ್ಯಾಂಕಿನ ವ್ಯವಹಾರ, ಪಹಣಿ, ಪರೀಕ್ಷೆಯ ಅರ್ಜಿ, ಕಾಫಿಯ ಧಾರಣೆ ಎಲ್ಲವೂ ಈ ತಂತಿಯ ಮೂಲಕವೇ ನಡೆಯತಕ್ಕವು. ತಂತಿಯು ಸೋತರೆ ಮನೆಯೇ ಹಿಂದೆ ಬೀಳುತ್ತದೆ.

ಮೊದಲು ಪದಗಳ ಅರ್ಥವನ್ನು ತಿಳಿಯೋಣ. ಕಂಪೆನಿಯವರು ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ; ನಮ್ಮ ಕಡತ, ಚಿತ್ರಗಳ ಗಾತ್ರವಾದರೋ ಮೆಗಾಬೈಟ್‌ಗಳಲ್ಲಿರುತ್ತದೆ. 8 ಬಿಟ್ ಸೇರಿದರೆ 1 ಬೈಟ್. ಆದುದರಿಂದ ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ. 100 ಮೆಗಾಬೈಟಿನ ಕಡತವು ಬಂದಿಳಿಯಲು 8 ಸೆಕೆಂಡು ಬೇಕು. ಇದನ್ನರಿಯದೆ ಮೋಸವಾಯಿತೆಂದು ಕೂಗುವವರೂ ಉಂಟು. ನಿಜವಾಗಿ ಎಚ್ಚರ ವಹಿಸಬೇಕಾದುದು ಜಾಹೀರಾತಿನ "ವರೆಗೆ" ಎಂಬ ಪುಟ್ಟ ಪದದಲ್ಲಿ. "100 ಮೆಗಾಬಿಟ್ ವರೆಗೆ" ಎಂದರೆ ಅದು ಮೇಲಿನ ಮಿತಿಯೇ ಹೊರತು ವಾಗ್ದಾನವಲ್ಲ. ಚೆರಿ ಕಾಫಿಯನ್ನು ಕೊಳ್ಳುವ ವ್ಯಾಪಾರಿಯು ಚೀಲದ ತೂಕವನ್ನಷ್ಟೇ ನಂಬದೆ, ಮಾದರಿಯನ್ನು ಪರೀಕ್ಷಿಸಿ ಔಟ್‌ಟರ್ನ್ ನೋಡಿ ಬೆಲೆ ಕಟ್ಟುವಂತೆ, ನಾವೂ ಕೈಗೆ ಬಂದುದೆಷ್ಟು ಎಂಬುದನ್ನು ನೋಡತಕ್ಕದ್ದು.

ವೇಗಪರೀಕ್ಷೆ ಮಾಡುವ ಜಾಲತಾಣಗಳು ಸಾಮಾನ್ಯವಾಗಿ ಮೂರು ಅಂಕಿಗಳನ್ನು ಕೊಡುತ್ತವೆ. ಡೌನ್‌ಲೋಡ್ ಎಂಬುದು ನಮ್ಮ ಕಡೆಗೆ ಬರುವ ವೇಗ. ಅಪ್‌ಲೋಡ್ ಎಂಬುದು ನಮ್ಮಿಂದ ಹೋಗುವ ವೇಗ. ಪಿಂಗ್ ಎಂಬುದು ನಮ್ಮ ಕರೆಯು ಅತ್ತಲಿನ ಯಂತ್ರವನ್ನು ಮುಟ್ಟಿ ಉತ್ತರ ಬರುವುದಕ್ಕೆ ಹಿಡಿಯುವ ಕಾಲ. ಇದನ್ನು ಸೆಕೆಂಡಿನ ಸಾವಿರದ ಒಂದಂಶಗಳಲ್ಲಿ ಹೇಳುವರು. ಮಗನ ಮುಖ ನೋಡಿ ಮಾತನಾಡುವಾಗ ನಮ್ಮ ಮಾತು ಅವನಿಗೆ ತುಂಡುತುಂಡಾಗಿ ಕೇಳಿಸಿದರೆ, ಡೌನ್‌ಲೋಡ್ ಚೆನ್ನಾಗಿದ್ದರೂ ಉಳಿದೆರಡರಲ್ಲಿ ದೋಷವಿರಬಹುದು.

ಪರೀಕ್ಷೆಯ ಕ್ರಮವೂ ಮುಖ್ಯ. ನಮ್ಮ ಕಾರ್ಯಾಲಯದಲ್ಲಿ ಬಹುಕಾಲ ಕಂಪೆನಿಯನ್ನು ದೂಷಿಸಿದೆವು. ಒಂದು ದಿನ ರೂಟರಿಗೆ ನೇರವಾಗಿ ತಂತಿ ಹಾಕಿ ನೋಡಲು ವೇಗವು ಪೂರ್ಣವಾಗಿಯೇ ಇದ್ದಿತು. ರೂಟರನ್ನು ಉಕ್ಕಿನ ಬೀರುವಿನ ಹಿಂದೆ ಇಟ್ಟಿದ್ದ ತಪ್ಪು ನಮ್ಮದೇ ಆಗಿತ್ತು. ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿಯೂ ಇದೇ ಕಥೆ. ವೈಫೈಯಲ್ಲಿ 5 ಗಿಗಾಹರ್ಟ್ಸ್ ಎಂಬುದು ವೇಗವಾದುದು, ಆದರೆ ಗೋಡೆಯನ್ನು ದಾಟಲಾರದೆ ಸೋಲುತ್ತದೆ, 2.4 ಎಂಬುದು ದೂರ ಹೋಗುತ್ತದೆ, ವೇಗ ಕಡಿಮೆ. ಆದಕಾರಣ ಉಳಿದ ಯಂತ್ರಗಳನ್ನೆಲ್ಲ ನಿಲ್ಲಿಸಿ, ಮೊದಲು ತಂತಿಯಿಂದಲೂ ಅನಂತರ ವೈಫೈಯಿಂದಲೂ ಅಳೆಯಬೇಕು. ತಂತಿಯಲ್ಲಿ ಸರಿಯಾಗಿದ್ದು ವೈಫೈಯಲ್ಲಿ ಕುಂದಿದರೆ ಕೊರತೆ ಮನೆಯೊಳಗಿನದು. ತಂತಿಯಲ್ಲಿಯೂ ಕುಂದಿದರೆ, ಅದರಲ್ಲಿಯೂ ಬೆಳಿಗ್ಗೆ ಸರಿಯಿದ್ದು ರಾತ್ರಿ ಎಂಟು ಗಂಟೆಗೆ ಪ್ರತಿದಿನವೂ ಕುಸಿದರೆ, ಕಂಪೆನಿಯನ್ನು ಪ್ರಶ್ನಿಸಲು ಕಾರಣವುಂಟು. ಕಕ್ಕಡದ ಮಳೆಯಲ್ಲಿ ಫೈಬರ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಉರಿದರೆ ವೇಗಪರೀಕ್ಷೆಯ ಅಗತ್ಯವೇ ಇಲ್ಲ. ಎಲ್ಲಿಯೋ ಮರ ಬಿದ್ದು ತಂತಿ ತುಂಡಾಗಿರಬಹುದು.

ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಅಳೆದು ದಿನಾಂಕ ಸಹಿತ ಬರೆದಿಟ್ಟರೆ ಅದು ಸಾಕ್ಷ್ಯವಾಗುತ್ತದೆ. ದೂರವಾಣಿ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳ ಮೇರೆಗೆ ಕಂಪೆನಿಯು ದೂರಿಗೆ ಸಂಖ್ಯೆಯನ್ನು ಕೊಡಬೇಕು. ಪರಿಹಾರವು ತೃಪ್ತಿಕರವಲ್ಲವಾದರೆ ಆ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಮೊಬೈಲಿನ ವೇಗವನ್ನು ಅಳೆದು ಪ್ರಾಧಿಕಾರಕ್ಕೇ ತಿಳಿಸುವುದಕ್ಕೆ 2016ರಲ್ಲಿ "ಮೈಸ್ಪೀಡ್" ಎಂಬ ಸಾಧನವೂ ಹೊರಬಂದಿತು.

ಸರಕಾರದವರಿಗೂ ಒಂದು ಮಾತು. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2004ರಲ್ಲಿ 256 ಕಿಲೋಬಿಟ್, 2013ರಲ್ಲಿ 512 ಕಿಲೋಬಿಟ್ ಸಾಕೆಂದಿದ್ದುದು 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ಏರಿದುದು ಸಂತೋಷ, ಆದರೆ ಇಬ್ಬರು ಮಕ್ಕಳು ಏಕಕಾಲಕ್ಕೆ ಪಾಠ ಕೇಳುವ ಮನೆಗೆ ಅದು ಸಾಲದು. ಬೆಂಗಳೂರಿನವನು ಕೊಡುವ ಹಣವನ್ನೇ ಭಾಗಮಂಡಲದವನೂ ಕೊಡುವಾಗ, ಅಳತೆಯಲ್ಲಿ ಮಾತ್ರ ತಾರತಮ್ಯವೇಕೆ? ಈ ಪ್ರಶ್ನೆಯನ್ನು ಕೇಳುವ ಹಕ್ಕು ನಮಗುಂಟು. ಆದರೆ ಬರಿಗೈಯಲ್ಲಿ ಕೇಳಿದರೆ ಕಚೇರಿಯವರು ಕಿವಿಗೊಡುವುದಿಲ್ಲ. ಮಳೆಯ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನು ಇಂದೇ ತೆರೆಯಿರಿ. ಊರಿನ ಹತ್ತು ಮನೆಗಳ ಲೆಕ್ಕ ಒಟ್ಟಿಗೆ ಸೇರಿದರೆ ಅದನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.